ಮೊಣಕಾಲಿನ ಬಾಗು: ಅಣೆಕಟ್ಟೆಯ ವಾದ ಎಷ್ಟು ಗಟ್ಟಿ?

ರುಮಟಾಯ್ಡ್ ಸಂಧಿವಾತ ಬಹುಕಾಲ ಕಾಡಿದ ಕೆಲವರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುತ್ತವೆ. ಫ್ಲೋರೈಡ್ ಹೆಚ್ಚಿರುವ ನೀರು ಕುಡಿಯುವ ಹದಿಹರೆಯದವರಲ್ಲೂ ಇಂಥದೇ ಬಾಗು ಕಾಣಬಹುದು. ಆದರೆ ರೋಗ ಬೇರೆ. ಸಂಧಿವಾತದಲ್ಲಿ ಕೀಲಿನ ಒಳಪೊರೆ ಊದಿಕೊಂಡು ಮೃದ್ವಸ್ಥಿ ಸವೆಯುತ್ತದೆ. ಇಲ್ಲಿ ಬೆಳೆಯುತ್ತಿರುವ ಮೂಳೆಯೇ ಭಾರಕ್ಕೆ ಮಣಿಯುತ್ತದೆ. ಒಮ್ಮೆ ಬಾಗಿತೆಂದರೆ ದೇಹದ ಭಾರ ಮೊಣಕಾಲಿನ ಹೊರಭಾಗದ ಮೇಲೆ ಹೆಚ್ಚು ಬಿದ್ದು, ಅಲ್ಲಿ ಬೆಳವಣಿಗೆ ಕುಂಠಿತವಾಗಿ, ಬಾಗು ಇನ್ನೂ ಹೆಚ್ಚುತ್ತದೆ. ಕೋನವನ್ನು ಅಳೆದ ಮಾತ್ರಕ್ಕೆ ಕಾರಣ ತಿಳಿಯದು. ವಾತವೆಂದು ನೋವಿನ ಮಾತ್ರೆ ಪಡೆದ ಹುಡುಗ ಮತ್ತೆ ಅದೇ ಕೊಳವೆಬಾವಿಯ ನೀರು ಕುಡಿಯುತ್ತಾನೆ.

ಈ ಬಾಗನ್ನು 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕೃಷ್ಣಸ್ವಾಮಿ ಅವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ವರದಿ ಮಾಡಿದರು. ಫ್ಲೋರೋಸಿಸ್ ಎಂದರೆ ಮೂಳೆ ಗಡುಸಾಗುವುದು ಎಂದಷ್ಟೇ ತಿಳಿದಿದ್ದವರಿಗೆ, ಮೂಳೆ ಟೊಳ್ಳಾಗಿ ಬಾಗುವುದೂ ಉಂಟೆಂದು ತೋರಿಸಿದ್ದು ಆ ಲೇಖನದ ಹಿರಿಮೆ. ಮುಂದೆ ಬೆಳೆದ ವಾದ ಹೀಗಿದೆ: ಅಣೆಕಟ್ಟೆಯಿಂದ ಅಂತರ್ಜಲ ಮೇಲೇರಿ ಮಣ್ಣು ಕ್ಷಾರವಾಗುತ್ತದೆ, ಜೋಳದಲ್ಲಿ ಮಾಲಿಬ್ಡಿನಮ್ ಹೆಚ್ಚುತ್ತದೆ, ಅದನ್ನುಂಡವರ ದೇಹದಿಂದ ತಾಮ್ರ ಹೊರಹೋಗುತ್ತದೆ, ಮೂಳೆ ಬಲಗುಂದುತ್ತದೆ. ಸರಪಳಿ ಚೆಂದವಾಗಿದೆ! ನನ್ನ ತಕರಾರು ಅದರ ಕೊಂಡಿಗಳ ಬಗ್ಗೆ. ಆಂಧ್ರದಲ್ಲಿ ರೋಗವಿದ್ದ ಮತ್ತು ಇಲ್ಲದ ಪ್ರದೇಶಗಳ ಧಾನ್ಯಗಳನ್ನು ಹೋಲಿಸಿದ 1977ರ ಅಧ್ಯಯನ ಪರೀಕ್ಷಿಸಿದ್ದು ಒಂದು ಕೊಂಡಿಯನ್ನು ಮಾತ್ರ.

ತುಂಗಭದ್ರಾ ಅಣೆಕಟ್ಟೆಗೂ ಈ ವಾದವನ್ನು ಹಚ್ಚುವ ಮೊದಲು ಕೊಪ್ಪಳ ಜಿಲ್ಲೆಯ ನಕ್ಷೆ ತೆರೆಯಿರಿ. ಗಂಗಾವತಿ ಎಡದಂಡೆ ಕಾಲುವೆಯ ಭತ್ತದ ನಾಡು. ಕುಷ್ಟಗಿ, ಯಲಬುರ್ಗಾ ಬಹುಪಾಲು ಮಳೆಯನ್ನೇ ನಂಬಿದ ಜೋಳ, ಸಜ್ಜೆಯ ಸೀಮೆ. ಕೊಪ್ಪಳ ತಾಲ್ಲೂಕಿನಲ್ಲಿ ಎರಡೂ ಇವೆ. ಕಾಲುವೆಯ ಜಿನುಗು ಗಂಗಾವತಿಯ ಕಡೆ, ಜೋಳದ ರೊಟ್ಟಿ ಹೆಚ್ಚಾಗಿ ಒಣ ಸೀಮೆಯ ಕಡೆ. ಕುಷ್ಟಗಿಯ ಆಳದ ಕೊಳವೆಬಾವಿಗೆ ಫ್ಲೋರೈಡ್ ಬರುವುದು ಗ್ರಾನೈಟ್, ನೈಸ್ ಶಿಲೆಗಳ ಖನಿಜಗಳಿಂದ. ಅದಕ್ಕೆ ಅಣೆಕಟ್ಟೆಯ ಹಂಗಿಲ್ಲ. ನೀರು, ಧಾನ್ಯ, ಅಂತರ್ಜಲದ ಮಟ್ಟ ಮೂರೂ ಒಟ್ಟಿಗೇ ಬದಲಾಗುವಲ್ಲಿ, ತಾಲ್ಲೂಕುವಾರು ಬಾಗಿದ ಕಾಲುಗಳನ್ನು ಎಣಿಸಿದರೆ ಯಾವುದು ಕಾರಣವೆಂದು ಹೇಗೆ ಹೇಳುವಿರಿ? ಒಂದೇ ಬಾವಿಯ ನೀರು ಕುಡಿದು, ಒಂದೇ ಧಾನ್ಯ ಉಂಡು, ಹಾಲು ಸಿಗುವ ಮತ್ತು ಸಿಗದ ಮಕ್ಕಳನ್ನು ಹೋಲಿಸುವುದು ಮೇಲು. ಕ್ಯಾಲ್ಸಿಯಂ ಕೊರತೆಯಿದ್ದಲ್ಲಿ ಫ್ಲೋರೈಡಿನ ಹಾನಿ ಉಲ್ಬಣಿಸುತ್ತದೆಂಬುದಕ್ಕೆ ಭಾರತದಲ್ಲೇ ಪುರಾವೆಯಿದೆ. ಅಣೆಕಟ್ಟೆಯ ವಾದದ ಸದ್ದಿನಲ್ಲಿ ಈ ಸರಳ ಸಂಗತಿ ಹಿಂದೆ ಸರಿಯಬಾರದಿತ್ತು.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹ್ಯ. ಶಿಕ್ಷಕರಿಗೊಂದು ಸುಳಿವು: ಎಳವೆಯಿಂದ ಇಂಥ ನೀರು ಕುಡಿದವರ ಹಲ್ಲಿನ ಮೇಲೆ ಸುಣ್ಣದಂಥ ಬಿಳಿ ಅಥವಾ ಕಂದು ಕಲೆಗಳಿರುತ್ತವೆ. ಕಾಲು ಬಾಗುವ ಮೊದಲೇ ಅವು ತರಗತಿಯಲ್ಲಿ ಕಣ್ಣಿಗೆ ಬೀಳುತ್ತವೆ.