ಹೂತಿಟ್ಟ ಪ್ರವಚನಗಳು

ಧರ್ಮಗುರುಗಳ ಪ್ರವಚನಗಳು ಪುಸ್ತಕವಾಗಿ ಅಚ್ಚಾದಾಗ ಅವುಗಳ ಜೀವ ಅರ್ಧ ಹೋಗಿರುತ್ತದೆ. ಹೇಳಿದವರ ಕಂಠ, ಕೇಳಿದವರ ಮುಖ, ಆ ಹೊತ್ತಿನ ಅಗತ್ಯ ಇವು ಮೂರೂ ಅಚ್ಚಿಗೆ ಸಿಕ್ಕುವ ವಸ್ತುಗಳಲ್ಲ. ಈ ಮಾತಿಗೆ ಅಪವಾದವೆಂದು ನನಗೆ ತೋರಿದ ಒಂದು ಗ್ರಂಥದ ವಿಚಾರವನ್ನು ವಾಚಕರ ಮುಂದಿಡುತ್ತೇನೆ. ಅದು ರಬ್ಬಿ ಕಲೋನಿಮಸ್ ಕಲ್ಮನ್ ಶಪೀರಾ ಅವರ ‘ಏಶ್ ಕೋದೆಶ್’, ಎಂದರೆ ಪವಿತ್ರಾಗ್ನಿ. 1960ರಲ್ಲಿ ಹೀಬ್ರೂ ಭಾಷೆಯಲ್ಲಿ ಪ್ರಕಟವಾದ ಇದನ್ನು ನಾನು ಓದಿದ್ದು ಇಂಗ್ಲಿಷ್ ಅನುವಾದದಲ್ಲಿ.

ಶಪೀರಾ 1889ರಲ್ಲಿ ಪೋಲೆಂಡಿನಲ್ಲಿ ಹುಟ್ಟಿದವರು. ವಾರ್ಸಾ ನಗರಕ್ಕೆ ಸಮೀಪದ ಪಿಯಾಸೆಚ್ನೊ ಊರಿನ ಹಸಿದೀ ಗುರುಗಳು. ಹಸಿದೀ ಪಂಥವೆಂದರೆ 18ನೆಯ ಶತಮಾನದಲ್ಲಿ ಪೂರ್ವ ಯೂರೋಪಿನ ಯೆಹೂದ್ಯರಲ್ಲಿ ತಲೆಯೆತ್ತಿದ ಒಂದು ಭಕ್ತಿಮಾರ್ಗ. ಶಾಸ್ತ್ರಪಾಂಡಿತ್ಯದಷ್ಟೇ ಹೃದಯದ ಉತ್ಸಾಹಕ್ಕೂ ಗುರುಶಿಷ್ಯರ ನಂಟಿಗೂ ಅಲ್ಲಿ ಬೆಲೆ. ಶಪೀರಾ 1923ರಲ್ಲಿ ವಾರ್ಸಾದಲ್ಲಿ ಒಂದು ವಿದ್ಯಾಪೀಠವನ್ನು ತೆರೆದರು. 1932ರಲ್ಲಿ ಮಕ್ಕಳ ಶಿಕ್ಷಣವನ್ನು ಕುರಿತು ಒಂದು ಪುಸ್ತಕ ಬರೆದರು. ಸ್ವಭಾವತಃ ಅವರು ಉಪಾಧ್ಯಾಯರು.

1939ರ ಸೆಪ್ಟೆಂಬರಿನಲ್ಲಿ ಜರ್ಮನರು ವಾರ್ಸಾದ ಮೇಲೆ ಬಾಂಬು ಸುರಿಸಿದಾಗ ಅವರ ಒಬ್ಬನೇ ಮಗ ಗಾಯಗೊಂಡು ಕೆಲವು ದಿನಗಳಲ್ಲಿ ತೀರಿಕೊಂಡನು. ಅವನಿದ್ದ ಆಸ್ಪತ್ರೆಯ ಹೊರಗೆ ನಿಂತಿದ್ದ ಸೊಸೆಯೂ ಬಾಂಬಿಗೆ ಬಲಿಯಾದಳು. ಕೆಲವೇ ವಾರಗಳಲ್ಲಿ ತಾಯಿಯೂ ಹೋದರು. ಮುಂದೆ 1940ರ ನವೆಂಬರಿನಲ್ಲಿ ನಾಲ್ಕು ಲಕ್ಷಕ್ಕೂ ಮಿಕ್ಕ ಯೆಹೂದ್ಯರನ್ನು ನಗರದ ಒಂದು ಭಾಗದಲ್ಲಿ ಗೋಡೆಯೊಳಗೆ ಕೂಡಿಹಾಕಲಾಯಿತು. ಹಸಿವು, ವಿಷಮಜ್ವರ, ಬೀದಿಯಲ್ಲಿ ಹೆಣಗಳು. ಇವುಗಳ ನಡುವೆ ಶಪೀರಾ ಸಬ್ಬತ್ ದಿನಗಳಲ್ಲಿಯೂ ಹಬ್ಬಗಳಲ್ಲಿಯೂ ಪ್ರವಚನ ಮಾಡಿದರು. ಸಬ್ಬತ್ತಿನಂದು ಬರೆಯುವುದು ನಿಷಿದ್ಧ. ಆದ್ದರಿಂದ ಯಿದ್ದಿಷ್ ಭಾಷೆಯಲ್ಲಿ ಆಡಿದ್ದನ್ನು ಆಮೇಲೆ ನೆನಪಿನಿಂದ ಹೀಬ್ರೂವಿನಲ್ಲಿ ಬರೆದಿಟ್ಟರು. ಕೊನೆಯ ಪ್ರವಚನದ ದಿನಾಂಕ 1942ರ ಜುಲೈ 18. ನಾಲ್ಕು ದಿನಗಳ ಬಳಿಕ ಜನರನ್ನು ರೈಲುಗಳಲ್ಲಿ ತುಂಬಿ ಟ್ರೆಬ್ಲಿಂಕಾದ ಕೊಲೆಮನೆಗೆ ಸಾಗಿಸುವ ಕೆಲಸ ಮೊದಲಾಯಿತು.

ಸಂಕಟಕಾಲದಲ್ಲಿ ಉಪದೇಶಕನಿಗೆ ಎರಡು ಸುಲಭವಾದ ಮಾತುಗಳಿವೆ. ಇದು ನಿಮ್ಮ ಪಾಪದ ಫಲ ಎನ್ನುವುದು ಒಂದು. ಬಿಡುಗಡೆ ಹತ್ತಿರ ಬಂತು ಎನ್ನುವುದು ಇನ್ನೊಂದು. ಶಪೀರಾ ಅವರ ಮೊದಮೊದಲಿನ ಪ್ರವಚನಗಳಲ್ಲಿ ಇವೆರಡೂ ಇಲ್ಲದಿಲ್ಲ. ಆದರೆ ಮಗನನ್ನು ಕಳೆದುಕೊಂಡ ಬಳಿಕ, ನವೆಂಬರಿನಲ್ಲಿ, ಅವರು ಸಾರಾಳ ಮರಣವನ್ನು ಕುರಿತು ಆಡಿದ ಮಾತು ಬೇರೆಯೇ ತೆರನಾದುದು. ಅಬ್ರಹಾಮನು ಮಗ ಇಸಾಕನನ್ನು ಬಲಿಕೊಡಲು ಹೊರಟ ಕಥೆಯ ಹಿಂದೆಯೇ ಧರ್ಮಗ್ರಂಥದಲ್ಲಿ ತಾಯಿ ಸಾರಾಳ ಸಾವು ಬರುತ್ತದೆ. ಇವೆರಡನ್ನೂ ಮೋಶೆಯು ಒಟ್ಟಿಗಿಟ್ಟದ್ದೇಕೆ? ಅಳತೆಮೀರಿದ ದುಃಖವನ್ನು ಮನುಷ್ಯಜೀವ ತಾಳಲಾರದೆಂದು ದೇವರಿಗೆ ತೋರಿಸುವುದಕ್ಕೆ ಎಂಬುದು ಶಪೀರಾ ಅವರ ವ್ಯಾಖ್ಯಾನ. ಜನರ ಪರವಾಗಿ ದೇವರ ಮುಂದೆ ಹೂಡಿದ ವಾದವಿದು. ತನ್ನ ಮಗನ ಹೆಸರನ್ನು ಎತ್ತದೆಯೇ ಒಬ್ಬ ತಂದೆ ಇದನ್ನು ಆಡಿದ್ದಾನೆ. ಭಕ್ತಿಯ ಚೌಕಟ್ಟಿನೊಳಗೇ ನಿಂತು ಇಷ್ಟು ದಿಟ್ಟವಾಗಿ ಪ್ರಶ್ನಿಸುವ ಸಂಪ್ರದಾಯ ಯೆಹೂದ್ಯರಲ್ಲಿ ಹಳೆಯದು. ಇಲ್ಲಿ ಅದು ಪ್ರಾಣಸಂಕಟದಿಂದ ಬಂದಿದೆ.

1942ರ ಆರಂಭದ ಪ್ರವಚನಗಳಲ್ಲಿ ಅವರು ಮತ್ತೂ ಆಳಕ್ಕೆ ಇಳಿಯುತ್ತಾರೆ. ದೇವರು ಒಳಗಿನ ಗುಪ್ತ ಕೋಣೆಯಲ್ಲಿ ಅಳುತ್ತಾನೆಂಬ ಮಾತು ಯೆಹೂದ್ಯರ ತಾಲ್ಮುದ್ ಗ್ರಂಥದಲ್ಲಿದೆ. ತನ್ನ ದುಃಖಕ್ಕೆ ತಾನೊಬ್ಬನೇ ಅಳುವವನು ಕುಸಿದುಬೀಳುತ್ತಾನೆ. ಆ ಕೋಣೆಗೆ ಹೊಕ್ಕು ದೇವರೊಡನೆ ಅಳುವವನಿಗೆ ಮತ್ತೆ ಅಧ್ಯಯನಕ್ಕೂ ಸೇವೆಗೂ ಬೇಕಾದ ಕಸುವು ಬರುತ್ತದೆ ಎಂದು ಅವರು ಅದನ್ನು ವಿಸ್ತರಿಸುತ್ತಾರೆ. ‘ಏಕೆ’ ಎಂಬ ಪ್ರಶ್ನೆಗೆ ಇದು ಉತ್ತರವಲ್ಲ. ನಾಳೆ ಬೆಳಗ್ಗೆ ಏಳುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ.

ಗ್ರಂಥಕ್ಕೆ ಕೊರತೆಗಳಿಲ್ಲವೆಂದಲ್ಲ. ಶಾಸ್ತ್ರವಾಕ್ಯಗಳ ದಟ್ಟಣೆ ಹೊರಗಿನ ಓದುಗನನ್ನು ಆಯಾಸಗೊಳಿಸುತ್ತದೆ. ಹೊರಗಿನ ಬೀದಿ ಕಣ್ಣಿಗೆ ಬೀಳುವುದು ಅಪರೂಪ. ಪೀಡಕರ ಹೆಸರೂ ಇಲ್ಲ. ಆ ಕಾಲದ ನಿತ್ಯದ ಬದುಕನ್ನು ತಿಳಿಯಬೇಕಾದರೆ ಚರಿತ್ರಕಾರ ಇಮಾನ್ಯುಯೆಲ್ ರಿಂಗೆಲ್‌ಬ್ಲೂಮ್ ಅವರ ಟಿಪ್ಪಣಿಗಳ ಕಡೆಗೇ ಹೋಗಬೇಕು.

ಆದರೂ ಈ ಗ್ರಂಥವನ್ನು ನಾನು ಹಿರಿದೆಂದು ಎಣಿಸುವುದು ಮುಖ್ಯವಾಗಿ ಒಂದು ಅಡಿಟಿಪ್ಪಣಿಗಾಗಿ. 1941ರ ಡಿಸೆಂಬರಿನ ಹನೂಕಾ ಹಬ್ಬದಲ್ಲಿ ಶಪೀರಾ ಶ್ರದ್ಧೆ ಸಡಿಲವಾದವರನ್ನು ಗದರಿಸಿದ್ದರು. ಇಂಥ ಕಷ್ಟಗಳು ನಮ್ಮ ಜನಕ್ಕೆ ಹಿಂದೆಯೂ ಬಂದಿದ್ದವು, ದೇವಾಲಯ ನಾಶವಾದಾಗಲೂ ಜನ ಉಳಿದರು, ಈಗ ಮಾತ್ರ ನಂಬಿಕೆ ಅಲುಗುವುದೇಕೆ ಎಂಬುದು ಅಂದಿನ ವಾದ. 1942ರ ನವೆಂಬರಿನ ಕೊನೆಗೆ, ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನ ಟ್ರೆಬ್ಲಿಂಕಾಕ್ಕೆ ಹೋಗಿ ಮುಗಿದ ಮೇಲೆ, ಅವರು ಅದೇ ಪುಟಕ್ಕೆ ಬಂದರು. ಆ ಮಾತು ಅಂದಿನವರೆಗಿನ ಕಷ್ಟಗಳಿಗೆ ಮಾತ್ರ ಸಲ್ಲುತ್ತದೆ, ಆಮೇಲೆ ನಡೆದುದಕ್ಕೆ ಚರಿತ್ರೆಯಲ್ಲಿ ಸಾಟಿಯಿಲ್ಲ ಎಂಬ ಅರ್ಥದ ಟಿಪ್ಪಣಿಯನ್ನು ಸೇರಿಸಿದರು.

ಹಳೆಯ ಮಾತನ್ನು ಅಳಿಸಿಬಿಡಬಹುದಾಗಿತ್ತು, ಅಳಿಸಲಿಲ್ಲ. ಕೇಳಿದವರಲ್ಲಿ ಬಹುಮಂದಿ ಸತ್ತುಹೋಗಿದ್ದರು. ತಿದ್ದುಪಡಿಯನ್ನು ಕೇಳುವವರೂ ಇರಲಿಲ್ಲ. ಆದರೂ ತಿದ್ದಿದರು. ಇದನ್ನು ಕಂಡು ಶಪೀರಾ ಅವರ ಶ್ರದ್ಧೆ ಕೊನೆಗೆ ಮುರಿಯಿತೆಂದು ಹೇಳುವ ವಿಮರ್ಶಕರಿದ್ದಾರೆ. ನನ್ನ ಅಭಿಪ್ರಾಯ ಬೇರೆ. ಕಂಡ ಸತ್ಯವನ್ನು ಮರೆಮಾಚಿ ಉಳಿಸಿಕೊಂಡ ಶ್ರದ್ಧೆ ದೊಡ್ಡದಲ್ಲ. ತನ್ನ ಉಪದೇಶ ಎಲ್ಲಿಯವರೆಗೆ ಸಲ್ಲುತ್ತದೆಂದು ತಾನೇ ಗೆರೆಯೆಳೆದು ತೋರಿಸಿದ ಗುರುವಿನ ನೈತಿಕ ಧೈರ್ಯ ಆ ಶ್ರದ್ಧೆಯಿಂದಲೇ ಬಂದದ್ದೆಂದು ನಾನು ನಂಬುತ್ತೇನೆ. 2017ರಲ್ಲಿ ಡೇನಿಯಲ್ ರೈಸರ್ ಹೊರತಂದ ಪರಿಷ್ಕೃತ ಆವೃತ್ತಿ ಶಪೀರಾ ತಮ್ಮ ಹಸ್ತಪ್ರತಿಯನ್ನು ಮತ್ತೆ ಮತ್ತೆ ತಿದ್ದುತ್ತಿದ್ದರೆಂಬುದನ್ನು ತೋರಿಸಿದೆ. ಭರವಸೆಯೇ ಇಲ್ಲದವನು ಕರಡು ತಿದ್ದುವ ಗೋಜಿಗೆ ಹೋಗುತ್ತಾನೆಯೆ?

1943ರ ಜನವರಿಯಲ್ಲಿ ಶಪೀರಾ ಒಂದು ಪತ್ರ ಬರೆದರು. ಸಿಕ್ಕಿದವರು ಈ ಬರಹಗಳನ್ನು ಪ್ಯಾಲೆಸ್ತೀನಿನಲ್ಲಿರುವ ತಮ್ಮ ಸೋದರನಿಗೆ ಕಳುಹಿಸಬೇಕೆಂದು ಅದರಲ್ಲಿ ಬೇಡಿಕೊಂಡರು. ರಿಂಗೆಲ್‌ಬ್ಲೂಮ್ ಅವರ ರಹಸ್ಯ ದಾಖಲೆಸಂಗ್ರಹದೊಡನೆ ಅವು ಹಾಲಿನ ಕ್ಯಾನಿನಲ್ಲಿ ನೆಲ ಸೇರಿದವು. ಅದೇ ವರ್ಷ ನವೆಂಬರಿನಲ್ಲಿ ಟ್ರಾವ್ನಿಕಿ ಶಿಬಿರದ ಸಾಮೂಹಿಕ ಹತ್ಯೆಯಲ್ಲಿ ಶಪೀರಾ ಮಡಿದರೆಂದು ತಿಳಿಯಲಾಗಿದೆ. ಕ್ಯಾನು ದೊರೆತದ್ದು 1950ರ ಡಿಸೆಂಬರಿನಲ್ಲಿ.

ಇವುಗಳಲ್ಲಿ ಹತ್ತು ಹನ್ನೆರಡು ಪ್ರವಚನಗಳನ್ನು ಆಯ್ದು, ತಕ್ಕ ಟಿಪ್ಪಣಿಗಳೊಡನೆ ಕನ್ನಡದಲ್ಲಿ ಓದುವಂತಾಗಬೇಕು. ಹನೂಕಾ ಪ್ರವಚನವನ್ನು ಮಾತ್ರ ಅದರ ಅಡಿಟಿಪ್ಪಣಿ ಬಿಟ್ಟು ಅಚ್ಚು ಮಾಡಬಾರದು.