ಬಿಡುವಿನ ಅಳತೆ: ವಿರಾಮಜೀವನದ ಸಂಶೋಧನಾಕ್ರಮಗಳ ವಿಮರ್ಶೆ

ಕನ್ನಡದಲ್ಲಿ ವಿರಾಮ, ಬಿಡುವು, ಪುರುಸೊತ್ತು ಎಂಬ ಮೂರು ಮಾತುಗಳೂ ಒಂದೇ ಅರ್ಥದಲ್ಲಿ ನಡೆಯುವಂತೆ ತೋರಿದರೂ ಅವುಗಳ ಹುಟ್ಟು ಬೇರೆ ಬೇರೆ. ಮೊದಲನೆಯದು ನಿಲುಗಡೆಯನ್ನೂ, ಎರಡನೆಯದು ಕಟ್ಟಿನಿಂದ ಬಿಡುಗಡೆಯನ್ನೂ, ಅರಬ್ಬೀ ಪಾರಸೀ ಮೂಲದ ಮೂರನೆಯದು ಒದಗಿಬಂದ ಅವಕಾಶವನ್ನೂ ಸೂಚಿಸುವುವು. ಇದು ಕೇವಲ ನಿಘಂಟಿನ ವಿಚಾರವಲ್ಲ. ಜನರ ವಿರಾಮಜೀವನವನ್ನು ಶಾಸ್ತ್ರೀಯವಾಗಿ ಅರಿಯಹೊರಟವರು ಈ ಮೂರರಲ್ಲಿ ಯಾವುದನ್ನು ಅಳೆಯುತ್ತಿರುವರೆಂಬುದೇ ಇಲ್ಲಿಯ ಪ್ರಶ್ನೆ. ನಾನಾ ಭಾಷೆಗಳ, ನಾನಾ ಕಸುಬುಗಳ ಜನರು ಒತ್ತಾಗಿ ನೆಲಸಿರುವ ಬೆಂಗಳೂರಿನ ದಂಡುಪ್ರದೇಶವೂ ಅದರ ಪೂರ್ವಭಾಗವೂ ಇದಕ್ಕೆ ತಕ್ಕ ನಿದರ್ಶನವನ್ನೊದಗಿಸುವುವು.

ಮೊದಲನೆಯ ಕ್ರಮ ದಾಖಲೆಗಳದು. 1809ರಲ್ಲಿ ನೆಲೆಗೊಂಡ ದಂಡಿನ ವಿನೋದಗಳನ್ನು ಕುರಿತು ಬರೆಯುವವರಿಗೆ, 1868ರಲ್ಲಿ ಸ್ಥಾಪಿತವಾದ ಬೌರಿಂಗ್ ಇನ್‌ಸ್ಟಿಟ್ಯೂಟಿನಂತಹ ಸಂಸ್ಥೆಗಳೇ ಮೊದಲು ಕಾಣುವುವು. ಸದಸ್ಯರ ವಿನೋದಕ್ಕೆ ಬರವಣಿಗೆಯ ಆಧಾರವುಂಟು. ಅವರಿಗೆ ಊಟ ಬಡಿಸಿದವನ, ಅವರ ಕುದುರೆಯನ್ನು ಕಾದವನ ಬಿಡುವಿಗೆ ಅಂತಹ ಆಧಾರ ದುರ್ಲಭ.

ಈ ಪಕ್ಷಪಾತವನ್ನು ತೊಡೆಯಬಲ್ಲುದು ಎರಡನೆಯದಾದ ಕಾಲವಿನಿಯೋಗದ ಸಮೀಕ್ಷೆ. ಅಲೆಕ್ಸಾಂಡರ್ ಸಲೈ ಅವರ ಸಂಪಾದಕತ್ವದಲ್ಲಿ 12 ದೇಶಗಳ ಅಧ್ಯಯನವು 1972ರಲ್ಲಿ ಗ್ರಂಥರೂಪವಾಗಿ ಹೊರಬಂದ ಮೇಲೆ ಈ ಕ್ರಮಕ್ಕೆ ಹೆಚ್ಚಿನ ಮನ್ನಣೆ ದೊರೆಯಿತು. ನಮ್ಮ ದೇಶದಲ್ಲಿ 1998–99ರಲ್ಲಿ 6 ರಾಜ್ಯಗಳಲ್ಲಿ ಪ್ರಯೋಗ ನಡೆಯಿತು. ಕರ್ನಾಟಕವು ಅವುಗಳಲ್ಲಿ ಸೇರಿರಲಿಲ್ಲ. 2019ರಲ್ಲಿಯೂ 2024ರಲ್ಲಿಯೂ ದೇಶವ್ಯಾಪಿ ಸಮೀಕ್ಷೆಗಳಾದುವು. 6 ವರ್ಷ ತುಂಬಿದವರು ಬೆಳಗಿನ ಜಾವ 4 ಗಂಟೆಯಿಂದ ಮರುದಿನ 4 ಗಂಟೆಯವರೆಗೆ ಏನೇನು ಮಾಡಿದರೆಂಬುದನ್ನು ಅರ್ಧ ಅರ್ಧ ಗಂಟೆಯಾಗಿ ವಿಚಾರಿಸಿ ಬರೆದುಕೊಳ್ಳುವರು. ಸಿರಿವಂತನಿಗೂ ಕೂಲಿಯವನಿಗೂ ದಿನವು 24 ಗಂಟೆಯೇ ಆದುದರಿಂದ ಇಲ್ಲಿ ಎಲ್ಲರಿಗೂ ಸಮಾನಸ್ಥಾನ. ಗೃಹಿಣಿಯರ ಸಂಬಳವಿಲ್ಲದ ದುಡಿಮೆಯನ್ನು ಅಂಕಿಗಳಲ್ಲಿ ಕಾಣಿಸಿದುದೂ ಈ ಕ್ರಮವೇ. ಈ ಗುಣವನ್ನು ಒಪ್ಪಿಯೇ ದೋಷವನ್ನು ಹೇಳಬೇಕು.

ದೋಷವು ಎಣಿಕೆಯಲ್ಲಿಲ್ಲ, ವಿಂಗಡಣೆಯಲ್ಲಿದೆ. ಸಮೀಕ್ಷೆಯು ಅನುಸರಿಸುವ 2016ರ ಅಂತಾರಾಷ್ಟ್ರೀಯ ವರ್ಗೀಕರಣದಲ್ಲಿ 9 ವಿಭಾಗಗಳಿವೆ. ಸಂಸ್ಕೃತಿ, ವಿರಾಮ, ಕ್ರೀಡೆಗಳಿಗೆ ಮೀಸಲಾದುದು 8ನೆಯದು. ಶಿವಾಜಿನಗರದ ಸಂತ ಮೇರಿಯ ಬಸಿಲಿಕದಲ್ಲಿ ಪ್ರತಿವರ್ಷ ಸೆಪ್ಟೆಂಬರ್ 8ರಂದು ಹಬ್ಬ ನಡೆಯುವುದು. ಕೃಷ್ಣರಾಜಪುರದಿಂದ ಕುಟುಂಬವೊಂದು ಅಲ್ಲಿಗೆ ಬಂದಿತೆನ್ನೋಣ. ಪ್ರಾರ್ಥನೆಯೂ ಪರಿಚಿತರೊಡನೆ ಆಡಿದ ಮಾತೂ 7ನೆಯ ವಿಭಾಗಕ್ಕೆ ಸೇರುವುವು; ಮನೆಗೆಂದು ಕೊಂಡ ಪಾತ್ರೆಯ ವ್ಯಾಪಾರವು ಗೃಹಕೃತ್ಯದ 3ನೆಯ ವಿಭಾಗಕ್ಕೆ ಹೋಗುವುದು; ಪ್ರಯಾಣದ ಹೊತ್ತು ಉದ್ದೇಶವನ್ನನುಸರಿಸಿ ಹಂಚಿಹೋಗುವುದು. ಇಡೀ ಸಂಜೆಯನ್ನು ಸಂತೋಷದಿಂದ ಕಳೆದ ಗೃಹಿಣಿಯ ಲೆಕ್ಕದಲ್ಲಿ ವಿರಾಮವು ಸೊನ್ನೆಯಾಗಿಯೇ ಉಳಿಯಬಹುದು!

ಇನ್ನು, ದುಡಿಮೆಯೊಳಗೆ ಬೆರೆತ ಬಿಡುವಿನ ಮಾತು. ಅರ್ಧ ಗಂಟೆಗೆ ಮೂರು ಕಾರ್ಯಗಳವರೆಗೆ ಬರೆದುಕೊಳ್ಳಲು ಅವಕಾಶವಿದ್ದರೂ 10 ನಿಮಿಷಕ್ಕೆ ಕಡಮೆಯಾದುದಕ್ಕೆ ಎಡೆಯಿಲ್ಲ. ರಸೆಲ್ ಮಾರ್ಕೆಟ್ಟಿನ ಅಂಗಡಿಯವನು ಗಿರಾಕಿಗಳ ನಡುವೆ ಐದೈದು ನಿಮಿಷ ನೆರೆಯವನೊಡನೆ ಹರಟುವುದು ಅವನ ದಿನದ ಮುಖ್ಯ ಸುಖವಾಗಿರಬಹುದು. ಪಟ್ಟಿಯಲ್ಲಿ ಅವನು ಹಗಲೆಲ್ಲ ವ್ಯಾಪಾರ ಮಾಡಿದವನೇ.

ಮೂರನೆಯದು ಸ್ಥಳದಲ್ಲಿದ್ದು ನೋಡಿ, ಕೇಳಿ ತಿಳಿಯುವ ಕ್ರಮ. ದಂಡಿಗೆ ಸೇರದ ಪೇಟೆಯ ಕರಗವನ್ನು ಕುರಿತು ಸ್ಮೃತಿ ಶ್ರೀನಿವಾಸ್ ಅವರು 2001ರಲ್ಲಿ ಪ್ರಕಟಿಸಿದ ಗ್ರಂಥವು ಉತ್ಸವ, ನೆನಪು, ನಗರದ ನೆಲ ಇವುಗಳನ್ನು ಬೇರ್ಪಡಿಸದೆ ಒಟ್ಟಾಗಿ ಕಂಡಿದೆ. ಸಂತ ಮೇರಿಯ ಹಬ್ಬಕ್ಕೂ ಇಂತಹ ದೃಷ್ಟಿಯೇ ಬೇಕು. ಆದರೆ ನೋಟಕ್ಕೂ ಮಿತಿಯುಂಟು. ಹಲಸೂರು ಕೆರೆಯ ದಂಡೆಯಲ್ಲಿ ನಡೆದಾಡುವವರನ್ನು ಎಷ್ಟು ದಿನ ನೋಡಿದರೂ, ಬರಲಾರದೆ ಮನೆಯಲ್ಲಿಯೇ ಉಳಿದವಳು ಅಲ್ಲಿ ಕಾಣಳು. ಅವಳನ್ನು ಕಾಣಿಸಲು ಮತ್ತೆ ಎಣಿಕೆಯೇ ಬೇಕು.

ಆದುದರಿಂದ ಒಂದು ಕ್ರಮವನ್ನು ತಳ್ಳಿ ಇನ್ನೊಂದನ್ನು ಹಿಡಿಯುವುದು ಪರಿಹಾರವಲ್ಲ; ಅವುಗಳ ಅನುಕ್ರಮ ಬದಲಾಗಬೇಕು. ಮೊದಲು ಜನರು ತಮ್ಮ ತಮ್ಮ ನುಡಿಯಲ್ಲಿ ಯಾವುದನ್ನು ಬಿಡುವೆನ್ನುವರೆಂದು ಕೇಳಿ, ಅನಂತರ ಅದನ್ನು ಎಣಿಸಬೇಕು. ಎಣಿಸುವಾಗ, ಆ ಹೊತ್ತಿನಲ್ಲಿ ಅವರ ಕೆಲಸವನ್ನು ಯಾರು ವಹಿಸಿಕೊಂಡರೆಂಬ ಪ್ರಶ್ನೆಯೂ ಇರಬೇಕು. ಒಬ್ಬರ ಬಿಡುವು ಎಷ್ಟೋ ವೇಳೆ ಇನ್ನೊಬ್ಬರ ದುಡಿಮೆ. ಸಂತೆಯ ಮೂಲೆ, ಗುಡಿಯ ಜಗಲಿ, ಕೆರೆಯ ದಂಡೆಗಳು ಲೆಕ್ಕದಲ್ಲಿ ವಿರಾಮಸ್ಥಾನಗಳೆನಿಸದಿದ್ದರೆ, ನಗರದ ಯೋಜನೆಯಲ್ಲಿ ಅವುಗಳನ್ನು ಉಳಿಸಿರೆಂದು ವಾದಿಸಲು ಅಂಕಿಯ ಆಧಾರವೇ ಇಲ್ಲದಂತಾಗುವುದು.