ಅಲಾಯಿ ಕುಣಿಯ ಬೆಂಕಿ, ಒಲೆಯ ಬೆಂಕಿ

ಬಹಳ ವರ್ಷಗಳ ಹಿಂದೆ ನಾವು ಮೊಹರಂ ಕುರಿತು ಒಂದು ಕಥೆ ಬರೆದಿದ್ದೆವು. ಅದರಲ್ಲಿ ಅಲಾಯಿ ಕುಣಿಯಿತ್ತು, ಕೆಂಡವಿತ್ತು, ಹುಲಿವೇಷದ ಹುಡುಗರಿದ್ದರು, ರಿವಾಯತ್ ಪದ ಹಾಡುವ ಕುರುಬರ ಮುದುಕನೊಬ್ಬನಿದ್ದ. ಕಥೆ ಅಚ್ಚಾಗಿ ಬಂದಾಗ ದೇವದುರ್ಗಕ್ಕೆ ಹೋಗಿ ನಮ್ಮ ಫೂಫಿಗೆ ಓದಿ ಹೇಳಿದೆವು. ಅವರಿಗೆ ಉರ್ದು ಓದಲು ಬರುತ್ತದೆ. ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಪೂರ್ತಿ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: “ಅಲಾವೆ ಮೇಂ ಆಗ್ ಲಗಾಯಾ, ಚೂಲ್ಹೆ ಮೇಂ ಕಾಯ್ಕು ನೈ ಲಗಾಯಾ ರೇ?” ಕುಣಿಗೆ ಬೆಂಕಿ ಹಚ್ಚಿದಿ, ಒಲೆಗೆ ಯಾಕೆ ಹಚ್ಚಲಿಲ್ಲ?

ಆಗ ನಕ್ಕು ಸುಮ್ಮನಾದೆವು. ಈಗ ಅನ್ನಿಸುತ್ತಿದೆ, ನಮ್ಮ ಕಥೆಯ ಬಗ್ಗೆ ಬಂದ ವಿಮರ್ಶೆಗಳಲ್ಲಿ ಸರಿಯಾದ ವಿಮರ್ಶೆ ಅದೊಂದೇ. ಅದು ನಮ್ಮೊಬ್ಬರ ಕಥೆಗೆ ಮಾತ್ರ ಸಲ್ಲುವ ಮಾತೂ ಅಲ್ಲ.

ರಾಯಚೂರು ಸೀಮೆಯ ಮೊಹರಂ ಬಗ್ಗೆ ಕನ್ನಡದಲ್ಲಿ ಬರೆಯುವವರು ಮೊದಲು ಹೋಗಿ ನಿಲ್ಲುವುದು ಕುಣಿಯ ಸುತ್ತ. ಮುದಗಲ್ಲಿನ ಆಲಂಗಳು, ಹೆಜ್ಜೆ ಕುಣಿತ, ಪದಗಳು, ಮುಸ್ಲಿಮರ ಮನೆಯೇ ಇಲ್ಲದ ಹಳ್ಳಿಗಳಲ್ಲೂ ಪೀರಲ ದೇವರನ್ನು ಕೂರಿಸುವ ಹಿಂದೂಗಳು, ಕೊನೆಗೆ ‘ಭಾವೈಕ್ಯ’ ಎಂಬ ಮಾತು. ಇದ್ಯಾವುದೂ ಸುಳ್ಳಲ್ಲ. ಆದರೆ ಕುಣಿಯ ಸುತ್ತ ಕುಣಿಯುವವರು ಗಂಡಸರು. ಅದೇ ಹೊತ್ತಿಗೆ ಮನೆಯೊಳಗೆ ಹೆಂಗಸರು ಏನು ಮಾಡುತ್ತಿದ್ದರು ಎಂಬುದನ್ನು ಬರೆಯುವವನು ನೋಡುವುದಿಲ್ಲ. ಊರಿನ ಎರಡು ಕೇರಿಗಳ ನಡುವೆ ನಿಜವಾಗಿ ಓಡಾಡುವುದು ಭಾವೈಕ್ಯ ಎಂಬ ಶಬ್ದವಲ್ಲ, ಬಟ್ಟೆ ಮುಚ್ಚಿದ ತಾಟು. ಆ ತಾಟಿನಲ್ಲಿ ಚೊಂಗೆ ಇರುತ್ತದೆ, ಮಲೀದ ಇರುತ್ತದೆ, ಪಟ್ಟಣದ ಮನೆಯಾದರೆ ರೋಟ್ ಇರುತ್ತದೆ.

ಚೊಂಗೆ ಎಂದರೆ ಗೋಧಿ ಹಿಟ್ಟಿನ ಸಿಹಿ ರೊಟ್ಟಿ, ಬೆಲ್ಲದ್ದು. ಗೆರೆ ಕೊರೆದ ಮಣೆಯ ಮೇಲೆ ಒತ್ತಿ ಅದಕ್ಕೆ ಚಿತ್ತಾರ ಮೂಡಿಸುತ್ತಾರೆ. ಮಾನ್ವಿ ಕಡೆಯ ಹಳ್ಳಿಗಳಲ್ಲಿ ಹಿಂದೂ ಮನೆಯವರೂ ಅದನ್ನು ಮಾಡಿ ದೇವರಿಗೆ ಎಡೆ ತರುವುದನ್ನು ನಾವು ಚಿಕ್ಕಂದಿನಿಂದ ನೋಡಿದ್ದೇವೆ. ರೊಟ್ಟಿಯನ್ನು ಪುಡಿ ಮಾಡಿ ಬೆಲ್ಲ ತುಪ್ಪ ಹಾಕಿ ತಿಕ್ಕಿದರೆ ಮಲೀದ. ಪಾರ್ಸಿ ಭಾಷೆಯಲ್ಲಿ ಆ ಶಬ್ದದ ಅರ್ಥವೇ ತಿಕ್ಕಿದ್ದು, ಕಲಸಿದ್ದು. ಪಕ್ಕದ ಲಿಂಗಾಯತರ ಮನೆಯಲ್ಲಿ ಹೆಚ್ಚುಕಡಿಮೆ ಹಾಗೆಯೇ ಮಾಡಿದರೆ ಅದರ ಹೆಸರು ಮಾದಲಿ. ಹೆಸರು ಬೇರೆ, ಅಂಗೈಯ ಕೆಲಸ ಒಂದೇ.

ಇವೆಲ್ಲ ಗೋಧಿಯವು ಎಂಬುದನ್ನು ಗಮನಿಸಬೇಕು. ನಮ್ಮದು ಬಿಳಿಜೋಳದ ನಾಡು. 1953ರಲ್ಲಿ ತುಂಗಭದ್ರೆಯ ನೀರು ಬಿಟ್ಟ ಮೇಲೆ ಎಡದಂಡೆ ಕಾಲುವೆಯಿಂದ ಮಾನ್ವಿಯ ಹೊಲಗಳಲ್ಲಿ ಭತ್ತ ಬಂತು. ನಾರಾಯಣಪುರದ ಬಲದಂಡೆ ಕಾಲುವೆಯ ನೀರು ದೇವದುರ್ಗಕ್ಕೆ ತಲುಪಿದ್ದು ಅದಕ್ಕೂ ಬಹಳ ತಡವಾಗಿ. ದಿನದ ಊಟ ಜೋಳದ ರೊಟ್ಟಿಯಾದ ಮನೆಯಲ್ಲಿ ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಮೂರೂ ಒಂದೇ ಪರಾತಕ್ಕೆ ಬೀಳುವುದೆಂದರೆ ಅದೇ ಒಂದು ಹಬ್ಬ. ಆ ತುಪ್ಪಕ್ಕಾಗಿ ತಿಂಗಳುಗಟ್ಟಲೆ ಕಾಸು ಕೂಡಿಟ್ಟವರು ಯಾರೆಂದು ಕೇಳಿದರೆ ಮನೆಯ ಚರಿತ್ರೆ ಬೇರೆಯೇ ಆಗಿ ಕಾಣುತ್ತದೆ.

ಇನ್ನು ರೋಟ್. ಗೋಧಿ ಹಿಟ್ಟು, ರವೆ, ಸಕ್ಕರೆ, ತುಪ್ಪ, ಹಾಲು, ಏಲಕ್ಕಿ, ಮೇಲೆ ಬಾದಾಮಿ, ಚಾರೋಳಿ. ನಮ್ಮ ಅಮ್ಮಿ ರಾತ್ರಿಯೇ ಕಲಸಿಡುತ್ತಿದ್ದರು. ರವೆ ತುಪ್ಪ ಕುಡಿಯಬೇಕು ಎನ್ನುತ್ತಿದ್ದರು. ಸ್ವಲ್ಪವಾದರೆ ಮನೆಯಲ್ಲೇ ದಮ್: ಕೆಳಗೆ ಸಣ್ಣ ಕೆಂಡ, ದಪ್ಪ ಹಂಚು, ಮೇಲೆ ಮುಚ್ಚಳ, ಮುಚ್ಚಳದ ಮೇಲೂ ಕೆಂಡ. ಹೆಚ್ಚಾದರೆ ರಾಯಚೂರಿನಲ್ಲಿ ನಮ್ಮ ಮೊಹಲ್ಲಾದ ಬೇಕರಿಯ ಭಟ್ಟಿಗೆ. ಬ್ರೆಡ್ಡು, ಬನ್ನು ತೆಗೆದ ಮೇಲೆ ಭಟ್ಟಿಯ ಕಾವು ಇಳಿದಿರುತ್ತದೆ. ರೋಟಿಗೆ ಬೇಕಾದದ್ದು ಆ ಇಳಿಗಾವೇ. ತಟ್ಟೆ ಹೊತ್ತುಕೊಂಡು ಹೋಗಿ ಸರದಿ ಕಾಯುವ ಕೆಲಸ ನಮ್ಮಂಥ ಹುಡುಗರದು. ಬೇರೆ ಮನೆಯ ರೋಟ್ ಜೊತೆ ಅದಲುಬದಲಾಗದಿರಲಿ ಎಂದು ಪ್ರತಿ ಮನೆಯವರೂ ಹಿಟ್ಟಿನ ಮೇಲೆ ಗುರುತು ಹಾಕುತ್ತಿದ್ದರು. ಒಬ್ಬರದು ಬಳೆ ಒತ್ತಿದ ಗುರುತು, ಒಬ್ಬರದು ಬೀಗದ ಕೈಯದು. ನಮ್ಮ ಅಮ್ಮಿಯದು ಹೊಲಿಗೆಯ ಅಂಗುಸ್ತಾನದ ಮೂರು ಸಣ್ಣ ವೃತ್ತ.

ಇಟಲಿಯ ಮತೇರಾ ಊರಿನಲ್ಲಿಯೂ ಜನ ಹಿಂದೆ ಹೀಗೆಯೇ ಊರ ಒಲೆಗೆ ಬ್ರೆಡ್ಡಿನ ಹಿಟ್ಟು ಕಳಿಸುತ್ತಿದ್ದರು. ತಮ್ಮ ಮನೆಯ ಗುರುತಿಗೆ ಮರದ ಮುದ್ರೆ ಒತ್ತುತ್ತಿದ್ದರು. ಆ ಮುದ್ರೆಗಳನ್ನು ಈಗ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಮೊರಾಕ್ಕೊದ ಹಳೆಯ ಪೇಟೆಗಳಲ್ಲಿ ಮೊಹಲ್ಲಾದ ಒಲೆಗೆ ಮನೆಯ ರೊಟ್ಟಿ ಕಳಿಸುವ ಪದ್ಧತಿ ಇನ್ನೂ ಉಳಿದಿದೆ. ನಮ್ಮಲ್ಲಿ ಆ ಬಳೆ, ಆ ಅಂಗುಸ್ತಾನ ವಸ್ತುಸಂಗ್ರಹಾಲಯದ ಮಾತಿರಲಿ, ಒಂದು ಕಥೆಯ ಸಾಲಿಗೂ ಬರಲಿಲ್ಲ.

ಹಾಗಾದರೆ ರೋಟ್ ಬಗ್ಗೆ ಯಾರೂ ಬರೆಯುವುದಿಲ್ಲವೆ? ಬರೆಯುತ್ತಾರೆ. ಮೊಹರಂ ಬಂದಾಗಲೆಲ್ಲ ಪತ್ರಿಕೆಗಳಲ್ಲಿ ಹೈದರಾಬಾದಿನ ದಮ್ ಕೆ ರೋಟ್ ಕುರಿತ ಲೇಖನಗಳು ಬರುತ್ತವೆ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು ಮೊಮ್ಮಗನ ಹೆಸರಿನಲ್ಲಿ ಆಲಂಗೆ ರೋಟ್ ಅರ್ಪಿಸಿದರು ಎಂಬ ಕಥೆ, ಆಮೇಲೆ ಪ್ರಸಿದ್ಧ ಬೇಕರಿಗಳ ಮುಂದಿನ ಸಾಲು. 1948ರವರೆಗೆ ರಾಯಚೂರೂ ಅದೇ ಸಂಸ್ಥಾನದಲ್ಲಿತ್ತು, ಆದ್ದರಿಂದ ನಮ್ಮವರೂ ಆ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ. ನಮ್ಮ ತಕರಾರು ಇಷ್ಟೇ: ಅರಸನೊಬ್ಬ ತಿಂದ ಮೇಲೆಯೇ, ಅಂಗಡಿಯೊಂದು ಮಾರಿದ ಮೇಲೆಯೇ ತಿನಿಸಿಗೆ ಚರಿತ್ರೆ ಬರುತ್ತದೆಯೇ? ನಿಜಾಮರು ಹಿಟ್ಟು ನಾದಲಿಲ್ಲ.

ಇಲ್ಲಿ ಒಂದು ಅಪಾಯವಿದೆ. ಒಲೆಯ ಬಗ್ಗೆ ಬರೆಯಿರಿ ಎಂದ ಕೂಡಲೇ ನಮ್ಮಂಥ ಗಂಡಸು ಲೇಖಕರು ಅಮ್ಮನ ಕೈರುಚಿ, ತುಪ್ಪದ ಘಮ ಎಂದು ಕಣ್ಣೀರು ತುಂಬಿ ಬರೆಯತೊಡಗುತ್ತೇವೆ. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಓದಿದವರಿಗೆ, ಬಾನು ಮುಷ್ತಾಕ್ ಅವರ ಕಥೆಗಳನ್ನು ಓದಿದವರಿಗೆ, ಮನೆಯೊಳಗಿನ ಗೋಡೆಗಳು ಎಷ್ಟು ಎತ್ತರದವು ಎಂದು ಗೊತ್ತಿರಬೇಕು. 2025ರಲ್ಲಿ ಬಾನು ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದ ಮೂಲಕ, ಅಂತರರಾಷ್ಟ್ರೀಯ ಬೂಕರ್ ಬಂದಾಗ ನಾವೆಲ್ಲ ಸಂಭ್ರಮಪಟ್ಟೆವು. ಆ ಸಂಭ್ರಮ ನಿಜವಾಗಿದ್ದರೆ ಅಡುಗೆಮನೆಯನ್ನು ತವರಿನ ಕನಸು ಮಾಡಿ ಬರೆಯುವ ಚಟ ಬಿಡಬೇಕು. ನಮ್ಮ ಅಮ್ಮಿಯ ಬಲಗೈಯ ಮೇಲೆ ಮುಚ್ಚಳದ ಕೆಂಡ ಬಿದ್ದ ಕಲೆಯಿತ್ತು. ನಾವು ರೋಟ್ ತಿಂದದ್ದನ್ನು ನೆನಪಿಟ್ಟೆವು, ಆ ಕಲೆ ಯಾವ ವರ್ಷದ್ದೆಂದು ಕೇಳಲಿಲ್ಲ. ಹಾಗೆಂದು ಅಡುಗೆಮನೆ ಸೆರೆಮನೆ ಮಾತ್ರವೂ ಅಲ್ಲ. ಅಲ್ಲೊಂದು ಕಸುಬಿದೆ, ಲೆಕ್ಕವಿದೆ, ಹದ ಗೊತ್ತಿರುವ ಹಿರಿತನವಿದೆ. ನೋವನ್ನೂ ಕಸುಬನ್ನೂ ಒಟ್ಟಿಗೆ ನೋಡಬಲ್ಲ ಕಥೆಯನ್ನು ನಾವಂತೂ ಇನ್ನೂ ಬರೆದಿಲ್ಲ.

ಮತ್ತೊಂದು ಮಾತನ್ನೂ ಮುಚ್ಚಿಡಬಾರದು. ಆಶೂರಾ ಉಪವಾಸದ ದಿನ, ರೋಟ್ ನಿಯಾಜ್ ಎಲ್ಲ ಆಮೇಲೆ ಸೇರಿಸಿಕೊಂಡದ್ದು ಎನ್ನುವವರು ನಮ್ಮ ನಡುವೆಯೇ ಇದ್ದಾರೆ. ಈ ಕಾರಣಕ್ಕೆ ಮಾಡುವುದನ್ನು ನಿಲ್ಲಿಸಿದ ಮನೆಗಳನ್ನು ನಾವು ಬಲ್ಲೆವು. ಅದು ಆಲಿಮರು ಚರ್ಚಿಸಬೇಕಾದ ವಿಷಯ, ಕಥೆಗಾರರು ತೀರ್ಪು ಕೊಡುವಂಥದ್ದಲ್ಲ. ಆದರೆ ಒಂದು ಪದ್ಧತಿಯನ್ನು ಬಿಟ್ಟೆವೆಂದು, ಅದನ್ನು ನಡೆಸಿಕೊಂಡು ಬಂದ ಹೆಂಗಸರ ದುಡಿಮೆಯನ್ನೂ ಅಜ್ಞಾನವೆಂದು ಅಳಿಸುವುದು ಧರ್ಮವೂ ಅಲ್ಲ, ಸುಧಾರಣೆಯೂ ಅಲ್ಲ.

ಮಾನ್ವಿಯಲ್ಲಿರುವ ನಮ್ಮ ಭಾಬಿ ಈಗ ಕರೆಂಟಿನ ಓವನ್‌ನಲ್ಲಿ ರೋಟ್ ಮಾಡುತ್ತಾರೆ, ಮೊಹರಂಗೆ ಮಾತ್ರವಲ್ಲ, ಮಕ್ಕಳು ಕೇಳಿದಾಗಲೆಲ್ಲ. ಮೊಬೈಲಿನ ವಿಡಿಯೊ ನೋಡಿ ಕಪ್ಪಿನ ಲೆಕ್ಕದಲ್ಲಿ ಕಲಿತದ್ದು. ಅಮ್ಮಿಯದು ಸೇರು, ಪಾವಿನ ಲೆಕ್ಕ. ಭಟ್ಟಿಯ ರೋಟಿನ ಹೊಗೆವಾಸನೆ ಇದರಲ್ಲಿಲ್ಲ ಎಂದು ನಾವು ಒಮ್ಮೆ ಅಂದೆವು. “ಹೊಗೆ ನೀವು ಕುಡದಿಲ್ಲ ಭಾಯಿ, ಅದಕ್ಕ ನಿಮಗ ರುಚಿ,” ಅಂದರು.

ಹೋದ ಸಲ ದೇವದುರ್ಗಕ್ಕೆ ಹೋದಾಗ ನೋಟ್‌ಬುಕ್ ಹಿಡಿದು ಫೂಫಿಯ ಮುಂದೆ ಕುಳಿತೆವು. ಎಷ್ಟು ರವೆ, ಎಷ್ಟು ತುಪ್ಪ, ಯಾರು ಕಲಿಸಿದ್ದು, ಯಾರ ಮನೆಗೆ ಎಷ್ಟು ಕಳಿಸುತ್ತಿದ್ದರು, ವಾಪಸು ಬಂದ ತಾಟಿನಲ್ಲಿ ಏನಿರುತ್ತಿತ್ತು ಎಂದು ಒಂದೊಂದಾಗಿ ಕೇಳಿದೆವು. ಅವರ ಕೈಗೆ ಈಗ ನಾದುವ ಶಕ್ತಿಯಿಲ್ಲ, ನೆನಪಿಗೆ ಏನೂ ಆಗಿಲ್ಲ. ಎರಡು ತಾಸು ಹೇಳಿದರು. ಅದರಲ್ಲಿ ಹನ್ನೊಂದು ಹೆಂಗಸರ ಹೆಸರು ಬಂದವು, ನಾಲ್ವರು ಹಿಂದೂಗಳು. ಆ ಹಳೆಯ ಕಥೆಯಲ್ಲಿ ನಾವು ಬರೆದಿದ್ದ ಹೆಂಗಸರ ಹೆಸರು ಎಷ್ಟೆಂದು ಮನೆಗೆ ಬಂದು ಎಣಿಸಿದೆವು. ಒಂದೂ ಇರಲಿಲ್ಲ.

ಕಥೆಯನ್ನು ಮತ್ತೆ ಬರೆಯುತ್ತಿದ್ದೇವೆ. ಓದುಗರಲ್ಲಿ ಒಂದು ವಿನಂತಿ: ನಿಮ್ಮ ಮನೆಯಲ್ಲೂ ಇಂಥ ಹಿರಿಯರೊಬ್ಬರು ಇದ್ದಾರು. ತಿನಿಸನ್ನು ಹೊಗಳುವ ಮೊದಲು ಅವರ ಎದುರು ಕೂತು ಹೆಸರುಗಳನ್ನು ಬರೆದುಕೊಳ್ಳಿ.